ನಿಂತ ಎತ್ತು

ಕಾಂಗೇಯಂ ತಳಿಯ ಕರು ಹುಟ್ಟುವಾಗ ಕೆಂಪು. ತಾಯಿ ನೆಕ್ಕಿ ಮೈ ಒಣಗಿದ ಮೇಲೆ ಆ ಕೆಂಪಿಗೆ ಕಂದು ಹೊಳಪು ಬರುತ್ತದೆ. ಎಳೆಬಿಸಿಲಿಗೆ ಬೆನ್ನು ಕೊಟ್ಟು ನಿಂತಾಗ ಕೂದಲ ತುದಿ ತಾಮ್ರಕ್ಕೆ ತಿರುಗುತ್ತದೆ. ಆರು ತಿಂಗಳಾಗುವಷ್ಟರಲ್ಲಿ ಕೆಂಪು ಉದುರಿ ಬೂದು ಮೂಡಿರುತ್ತದೆ. ನಡುವಿನ ಕೆಲವು ವಾರ ಎರಡೂ ಬಣ್ಣ ಒಂದೇ ಮೈಮೇಲಿದ್ದು, ಕರು ಯಾವುದಕ್ಕೂ ಸೇರದಂತೆ ಕಾಣುತ್ತದೆ. ಹೋರಿಯಾಗಿ ಬೆಳೆದರೆ ಬೂದು ಗಾಢವಾಗುತ್ತ ಹೋಗಿ ತಲೆ, ಕುತ್ತಿಗೆ, ಹಿಣಿಲು, ತೊಡೆಗಳಲ್ಲಿ ಮಸಿಗಪ್ಪಾಗಿ ನಿಲ್ಲುತ್ತದೆ. ಬೀಜ ಒಡೆದರೆ ಆ ಕಪ್ಪು ಮೆಲ್ಲಗೆ ಮಾಸಿ ಹೊಗೆಬಣ್ಣವಷ್ಟೇ ಉಳಿಯುತ್ತದೆ. ಹಸು ಬೆಳ್ಳಗಿರುತ್ತದೆ, ಮೊಣಕಾಲಿನ ಬಳಿ ಮತ್ತು ಗೊರಸಿನ ಮೇಲ್ಗಡೆ ಮಾತ್ರ ಕಪ್ಪು ಗುರುತು. ಆದರೆ ಎಲ್ಲವುಗಳ ತೊಗಲೂ ಕಪ್ಪೇ. ಮೂತಿ, ಕಣ್ಣಿನ ಅಂಚು, ಬಾಲದ ಕುಚ್ಚು ನೋಡಿದರೆ ಗೊತ್ತಾಗುತ್ತದೆ.

ಈ ಬಣ್ಣಗಳನ್ನು ನಾನು ಕಲಿತದ್ದು ರೇಕ್ಲಾ ಎಂಬ ಎತ್ತಿನ ಬಂಡಿ ಓಟ ನೋಡಲು ಹೋಗಿ. ನಮ್ಮದು ಸೋಮನೂರು, ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳು ಒಂದನ್ನೊಂದು ಮುಟ್ಟುವ ಕಡೆ, ನೊಯ್ಯಲ್ ಹೊಳೆಗೆ ದೂರವಲ್ಲದ ಊರು. ಮಗ್ಗದ ಊರು. ನಾವು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ದೇವಾಂಗರು. ದನ ಕಟ್ಟಿದವರಲ್ಲ, ನೂಲು ಸುತ್ತಿದವರು. ಆದರೂ ಪೊಂಗಲ್ ಕಳೆದು ಸುತ್ತಲಿನ ಹಳ್ಳಿಗಳಲ್ಲಿ ರೇಕ್ಲಾದ ಫ್ಲೆಕ್ಸ್ ಎದ್ದರೆ ದೂರದರ್ಶಕ, ಒಂದು ನೋಟುಪುಸ್ತಕ, ನೀರಿನ ಬಾಟಲಿ ಹಿಡಿದು ಹೊರಡುತ್ತೇನೆ. ಹಕ್ಕಿ ನೋಡುವವನಿಗೆ ಇಲ್ಲೇನು ಕೆಲಸ ಎಂದು ಗೆಳೆಯರು ಕೇಳುತ್ತಾರೆ.

ನಮ್ಮ ಈ ಕೊಂಗುನಾಡಿನ ಓಟ ಚಿಕ್ಕದು. ಬೀಳು ಬಿಟ್ಟ ಹೊಲದಲ್ಲಿ ನೆಟ್ಟಗೆ ಒಂದು ದಾರಿ, ಎರಡೂ ಬದಿಗೆ ಹಗ್ಗ. ಎರಡು ಗಾಲಿಯ ಹಗುರ ಬಂಡಿ, ಎರಡು ಎತ್ತು, ಒಬ್ಬ ಸಾರಥಿ. ಹಲ್ಲು ನೋಡಿ ವಿಂಗಡಿಸುತ್ತಾರೆ; ಎಳೆಯವಕ್ಕೆ 200 ಮೀಟರ್, ಬಲಿತವಕ್ಕೆ 300. ಒಂದೊಂದೇ ಜೋಡಿಯನ್ನು ಬಿಟ್ಟು ಗಡಿಯಾರ ಹಿಡಿಯುತ್ತಾರೆ. ಮದುರೆ, ತೇನಿ ಕಡೆ ಹಾಗಲ್ಲ, ಅಲ್ಲಿ ಹತ್ತಾರು ಬಂಡಿಗಳು ಒಟ್ಟಿಗೇ ಡಾಂಬರು ರಸ್ತೆಯಲ್ಲಿ ಕಿಲೋಮೀಟರುಗಟ್ಟಲೆ ಓಡುತ್ತವೆ. ನಮ್ಮದು ಶುರುವಾದ ಅರ್ಧ ನಿಮಿಷದೊಳಗೆ ಮುಗಿಯುತ್ತದೆ. ಧೂಳು ಇಳಿಯಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ನಮ್ಮ ಮನೆಯ ಹುಡುಗನೊಬ್ಬ ಮಾರ್ಚ್ ಬಂದರೆ ಫೋನಿನಲ್ಲಿ ಅಲಾಸ್ಕಾದ ಐಡಿಟರಾಡ್ ಹಿಂಬಾಲಿಸುತ್ತಾನೆ. 1973ರಿಂದ ನಡೆಯುತ್ತಿರುವ ಆ ಓಟದಲ್ಲಿ ನಾಯಿಗಳು ಜಾರುಬಂಡಿಯನ್ನು ಹಿಮದ ಮೇಲೆ ಎಳೆದುಕೊಂಡು ಆಂಕರೇಜಿನಿಂದ ನೋಮ್ ಊರಿನವರೆಗೆ ಸುಮಾರು 1600 ಕಿಲೋಮೀಟರ್ ಹೋಗುತ್ತವೆ. ನಕಾಶೆಯ ಮೇಲೆ ಒಂದೊಂದು ತಂಡಕ್ಕೆ ಒಂದೊಂದು ಚುಕ್ಕೆ. ಅವನು ಹೆಚ್ಚು ಹೊತ್ತು ನೋಡುವುದು ನಿಂತ ಚುಕ್ಕೆಗಳನ್ನು. ದಾರಿಯಲ್ಲಿ ಒಮ್ಮೆ 24 ಗಂಟೆ, ಎರಡು ಸಲ 8 ಗಂಟೆ ನಿಲ್ಲಲೇಬೇಕೆಂಬ ನಿಯಮವಿದೆ. ಆಗ ನಾಯಿಗಳು ಹುಲ್ಲಿನ ಹಾಸಿನ ಮೇಲೆ ಸುರುಳಿ ಸುತ್ತಿ ಮಲಗುತ್ತವೆ, ವೈದ್ಯರು ಪಾದ ನೋಡುತ್ತಾರೆ. ಚುಕ್ಕೆ ಮತ್ತೆ ಯಾವಾಗ ಹೊರಡುತ್ತದೆ ಎಂಬುದೇ ಅವನಿಗೆ ಓಟ. ಅವನನ್ನು ನೋಡಿದ ಮೇಲೆ ನನ್ನ ಹುಚ್ಚು ಅಷ್ಟೇನೂ ವಿಚಿತ್ರವಲ್ಲ ಅನ್ನಿಸಿತು. ನಾನೂ ಹೊಲದ ಅಂಚಿನ ಬೇವಿನ ಮರಗಳ ಕೆಳಗೆ, ನಿಂತ ಎತ್ತುಗಳ ಹತ್ತಿರವೇ ದಿನ ಕಳೆಯುವವನು.

ಬೆಳಕು ಹರಿಯುವ ಮೊದಲೇ ಎತ್ತುಗಳು ಮಿನಿ ಲಾರಿಗಳಲ್ಲಿ ಬಂದಿಳಿಯುತ್ತವೆ. ಹಲಗೆಯ ಮೇಲೆ ಇಳಿಯುವಾಗ ಪ್ರತಿಯೊಂದೂ ಒಂದು ಕ್ಷಣ ತಡೆದು ಮೂತಿಯನ್ನು ನೆಲಕ್ಕೆ ತರುತ್ತದೆ, ಹೊಳ್ಳೆ ಅರಳುತ್ತದೆ, ಮೂತಿಯ ಮೇಲಿನ ತೇವ ಮಂಜಿಗೆ ಮಿನುಗುತ್ತದೆ. ಅಪರಿಚಿತ ಮಣ್ಣನ್ನು ಮೂಸದೆ ಇಳಿದ ಎತ್ತನ್ನು ನಾನು ಕಂಡಿಲ್ಲ. ಗೂಟಕ್ಕೆ ಕಟ್ಟಿದ ಮೇಲೆ ಮೊದಲು ಅಡಗುವುದು ಬಾಲ, ಆಮೇಲೆ ಕಿವಿ. ಬಾಲ ನೆಟ್ಟಗೆ ಇಳಿಬಿದ್ದರೂ ಕಿವಿಗಳು ಬಹಳ ಹೊತ್ತು ಬೇರೆ ಬೇರೆಯಾಗಿ ತಿರುಗುತ್ತಿರುತ್ತವೆ. ಒಂದು ಮೈಕಿನ ಕಡೆಗೆ, ಇನ್ನೊಂದು ಸಾಕಿದವನ ಕಡೆಗೆ. ಅವನು ಹಿಂದೆ ಸರಿದರೆ ಕಿವಿಯೂ ಹಿಂದೆ ಸರಿಯುತ್ತದೆ, ತಲೆ ಮಾತ್ರ ಅಲುಗುವುದಿಲ್ಲ.

ಕೊಂಬುಗಳನ್ನು ಪಕ್ಕದಿಂದ ನೋಡಬಾರದು, ಮುಂದಿನಿಂದ ನೋಡಬೇಕು. ಬುಡದಲ್ಲಿ ದಪ್ಪ, ಹೊರಕ್ಕೂ ಹಿಂದಕ್ಕೂ ಬಾಗಿ ತುದಿಯಲ್ಲಿ ಮತ್ತೆ ಒಂದರ ಕಡೆ ಒಂದು ಬಂದು ಬಹುಮಟ್ಟಿಗೆ ವೃತ್ತ ಮುಗಿಸುತ್ತವೆ. ಆ ಮುಗಿಯದ ವೃತ್ತದೊಳಗಿಂದ ಪೂರ್ವದ ತಾಳೆಮರಗಳು, ಅವುಗಳ ಹಿಂದೆ ಏರುವ ಬೆಳಕು ಕಾಣುತ್ತವೆ. ನೊಣ ಕುಳಿತರೆ ಭುಜದ ಮೇಲಿನ ತೊಗಲು ಕುಳಿತ ಜಾಗದಲ್ಲಷ್ಟೇ ಅದುರುತ್ತದೆ, ಅಂಗೈಯಗಲದ ಒಂದು ನಡುಕ. ಸುತ್ತಲಿನ ಕೂದಲಿಗೆ ಅದರ ಸುದ್ದಿಯೇ ಇರುವುದಿಲ್ಲ. ಗಂಗೆದೊಗಲಿನ ಅಂಚು ಉಸಿರಿನ ಜೊತೆ ಅಷ್ಟಿಷ್ಟು ತೂಗುತ್ತದೆ.

ಮೆಲುಕು ಶುರುವಾಗುವುದು ಇವೆಲ್ಲ ಆದ ಮೇಲೆ. ಕುತ್ತಿಗೆಯ ಎಡಬದಿಯನ್ನು ದಿಟ್ಟಿಸಿ ನೋಡಿದರೆ ತೊಗಲಿನಡಿಯಲ್ಲಿ ಒಂದು ಉಂಡೆ ಸರ್ರನೆ ಮೇಲೇರುವುದು ಕಾಣುತ್ತದೆ. ಕೆಳದವಡೆ ಒಂದು ಬದಿಗೆ ಜರುಗಿ ಅಡ್ಡಡ್ಡ ಅರೆಯತೊಡಗುತ್ತದೆ. ನಲವತ್ತು, ಐವತ್ತು ಸಲ ಅರೆದು ನುಂಗಿ, ಒಂದೆರಡು ಉಸಿರಿನಷ್ಟು ಹೊತ್ತು ಸುಮ್ಮನಿದ್ದು, ಮತ್ತೊಂದು ಉಂಡೆ. ರೆಪ್ಪೆ ಅರ್ಧ ಇಳಿದಿರುತ್ತದೆ. ತಪ್ಪಟ್ಟೆ ಬಾರಿಸಿದರೆ ದವಡೆ ನಡುವೆಯೇ ನಿಲ್ಲುತ್ತದೆ, ಮೇವು ಬಾಯಲ್ಲೇ. ಕೆಲವು ಎತ್ತುಗಳು ನಾಲ್ಕು ಪೆಟ್ಟು ಕೇಳಿ ಮತ್ತೆ ಅರೆಯುತ್ತವೆ. ಕೆಲವಕ್ಕೆ ಆ ದಿನ ಮತ್ತೆ ಮೆಲುಕು ಮರಳುವುದೇ ಇಲ್ಲ. ಇಲ್ಲಿಯ ಹಳೆಯ ರೇಕ್ಲಾಗಾರರೊಬ್ಬರು, ಎಪ್ಪತ್ತು ದಾಟಿದ ರೈತ, ನಾನು ಓಟದ ದಾರಿಯ ಕಡೆ ಕತ್ತು ಚಾಚಿದಾಗಲೆಲ್ಲ ತೋಳು ಮುಟ್ಟಿ "ನಿಕ್ಕರದೆ ಪಾರುಂಗ" ಅನ್ನುತ್ತಾರೆ, ನಿಂತಿರೋದನ್ನು ನೋಡಿ ಎಂದು. ಗೆಲ್ಲುವ ಜೋಡಿ ಯಾವುದೆಂದು ಅವರು ಹೇಳುವುದು ಕಾಲು ನೋಡಿಯಲ್ಲ, ದವಡೆ ನೋಡಿ. ತಪ್ಪಟ್ಟೆಯ ನಡುವೆ ಅರೆಯುತ್ತಿರುವ ಎತ್ತಿನಲ್ಲಿ ಇನ್ನೂ ಖರ್ಚಾಗದ ಓಟ ಇದೆ ಎಂಬುದು ಅವರ ಲೆಕ್ಕ. ಲೆಕ್ಕ ಯಾವಾಗಲೂ ಕೂಡಿಬರುತ್ತದೆ ಎಂದೇನಿಲ್ಲ. ತಪ್ಪಿದಾಗ ಅವರು ಸಾರಥಿಯನ್ನು ಬೈಯುತ್ತಾರೆ.

ನೊಗ ಹೂಡುವಾಗ ಜೋಡಿಯ ಸ್ವಭಾವ ತಿಳಿಯುತ್ತದೆ. ಪಳಗಿದ ಎತ್ತು ನೊಗ ಎತ್ತಿ ಹಿಡಿದೊಡನೆ ತಾನೇ ಕತ್ತು ತಗ್ಗಿಸಿ ಒಳಗೆ ಬರುತ್ತದೆ, ಹಿಣಿಲಿನ ಮುಂದೆ ಮರ ಕೂರುವವರೆಗೆ ಅರ್ಧ ಹೆಜ್ಜೆ ಹಿಂದೆ ಮುಂದೆ ಸರಿಸಿಕೊಳ್ಳುತ್ತದೆ. ಪಕ್ಕದ ಎತ್ತಿನ ಮೈ ತಾಗಿದರೆ ಎರಡಕ್ಕೂ ಸಮಾಧಾನ. ಬಲಗಡೆಯದು ಎಡಗಡೆಗೆ ಕಟ್ಟಿಸಿಕೊಂಡರೆ ಮೂತಿ ಆಚೆ ತಿರುಗಿಸಿ ನಿಲ್ಲುತ್ತದೆ.

ಬಿಟ್ಟ ಮೊದಲ ನಾಲ್ಕು ನೆಗೆತಗಳಲ್ಲಿ ಎಂಟು ಕಾಲುಗಳ ಲಯ ಕೂಡಿರುವುದಿಲ್ಲ. ಆಗಷ್ಟೇ ಕರೆಂಟು ಬಂದ ಮಗ್ಗದ ಬಡಿತದ ಹಾಗೆ ಎಡವುತ್ತ ಏರುತ್ತದೆ. ಆಮೇಲೆ ಯಾವುದೋ ಒಂದು ನೆಗೆತದಲ್ಲಿ ಎರಡೂ ಬೆನ್ನುಗಳು ಒಟ್ಟಿಗೆ ಬಾಗುತ್ತವೆ, ಒಟ್ಟಿಗೆ ಬಿಚ್ಚುತ್ತವೆ. ಹಿಂಗಾಲು ಮುಂಗಾಲಿನ ಗುರುತನ್ನು ದಾಟಿ ಮುಂದೆ ಬೀಳುತ್ತದೆ. ಹಿಣಿಲು ಮಾತ್ರ ಒಂದು ತಾಳ ತಡವಾಗಿ ಪಕ್ಕಕ್ಕೆ ವಾಲುತ್ತದೆ. ಬಾಲ ಬೆನ್ನಿನ ಮಟ್ಟಕ್ಕೆ ಎದ್ದಿರುತ್ತದೆ, ಕಿವಿಗಳು ಹಿಂದಕ್ಕೆ ಅಂಟಿರುತ್ತವೆ. ಇಷ್ಟು ಕಾಣುವುದರೊಳಗೆ ಮುಗಿಯಿತು.

ಓಟದ ದಾರಿಯ ಹಗ್ಗ ಕಟ್ಟಿದ ಗಳದ ಮೇಲೆ ಒಂದು ಕಾಜಾಣ ಕುಳಿತಿರುತ್ತದೆ. ಬಂಡಿ ಬರುವಾಗ ಅದು ಹಾರುವುದಿಲ್ಲ, ಕವಲುಬಾಲ ಒಮ್ಮೆ ಅಗಲಿಸಿ ಮುಚ್ಚುತ್ತದೆ. ಬಂಡಿ ದಾಟಿದೊಡನೆ ಧೂಳಿನ ತಳಭಾಗಕ್ಕೆ ಬಾಗಿ ಬಿದ್ದು, ಗೊರಸಿಗೆ ಎದ್ದ ಮಿಡತೆಯೊಂದನ್ನು ಹಿಡಿದು, ಅದೇ ಗಳಕ್ಕೆ ಮರಳಿ ಕಾಲಡಿಯಲ್ಲಿ ಒತ್ತಿ ಹರಿದು ತಿನ್ನುತ್ತದೆ. ಮೇಯುವ ದನದ ಹಿಂದೆ ನಿಧಾನ ಸಾಗಿ ಬೇಟೆಯಾಡುವ ಹಕ್ಕಿ, ಓಡುವ ದನಕ್ಕೂ ತನ್ನ ಹೊತ್ತನ್ನು ಹೊಂದಿಸಿಕೊಂಡಿದೆ. ಗೋವಕ್ಕಿಗಳಿಗೆ ಈ ಧೈರ್ಯವಿಲ್ಲ, ಅವು ಬೇವಿನ ಮರದ ಕೆಳಗಿನ ಎತ್ತುಗಳ ಕಾಲಸಂದಿಯಲ್ಲೇ ಕತ್ತು ಕೊಂಕಿಸಿ ನಡೆದಾಡುತ್ತವೆ.

ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಓಟದ ದಾರಿಗೆ ಇಳಿದು ಹೆಜ್ಜೆಗಳನ್ನು ಓದುತ್ತೇನೆ. ನಡೆದು ಬಂದ ಎತ್ತಿನ ಗುರುತು ಅಚ್ಚುಕಟ್ಟು: ಸೀಳುಗೊರಸಿನ ಎರಡು ಹೋಳು ಕೂಡಿಕೊಂಡು, ಮುಂಗಾಲಿನ ಗುರುತಿನ ಮೇಲೇ ಹಿಂಗಾಲಿನದು. ಓಡಿದ ಗುರುತಿನಲ್ಲಿ ಹೋಳುಗಳು ಅಗಲಿರುತ್ತವೆ, ತುದಿ ಆಳಕ್ಕೆ ಹೂತಿರುತ್ತದೆ. ಮಣ್ಣು ಮೆತ್ತಗಿದ್ದರೆ ಗೊರಸಿನ ಹಿಂದೆ ಮೇಲ್ಗಡೆ ಇರುವ ಎರಡು ಸಣ್ಣ ಉಗುರುಗಳ ಚುಕ್ಕೆಯೂ ಮೂಡುತ್ತದೆ. ನಡೆಯುವಾಗ ಅವು ನೆಲ ಮುಟ್ಟುವುದು ಅಪರೂಪ. ಅವು ಮೂಡಿದ್ದರೆ ಭಾರ ಅಷ್ಟು ಕೆಳಗೆ ಇಳಿದಿದೆ ಎಂದರ್ಥ. ಗೆರೆ ದಾಟಿದ ಮೇಲಿನ ಗುರುತುಗಳು ಇನ್ನೂ ಒಳ್ಳೆಯ ಓದು. ಒಂದು ಜೋಡಿ ನೆಟ್ಟಗೆ ನಿಧಾನವಾಗಿದೆ. ಇನ್ನೊಂದು ಎಡಕ್ಕೆ ಎಳೆದಿದೆ, ಬಲಗಡೆಯ ಎತ್ತು ಜಾರಿದ ಉದ್ದ ಗೀರು ಇದೆ.

ಈಗಿನ ಓಟ ಇಷ್ಟು ಚಿಕ್ಕದಾದರೂ ಇಂಥ ದನಕ್ಕೆ ದೂರವೂ ಗೊತ್ತಿತ್ತು. ಮೈಸೂರಿನ ಒಡೆಯರ ದನಗಳ ಇಲಾಖೆ 'ಬೆಣ್ಣೆ ಚಾವಡಿ'ಯನ್ನು ಟಿಪ್ಪು 'ಅಮೃತ ಮಹಲ್' ಎಂದು ಕರೆದು ಫಿರಂಗಿ ಎಳೆಯುವ ಎತ್ತುಗಳ ದೊಡ್ಡ ಪಡೆ ಮಾಡಿದ. ಅದಕ್ಕೂ ಮೊದಲು ಹೈದರ್ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿದನೆಂದೂ, ಟಿಪ್ಪು ಇಂಗ್ಲಿಷರ ಜನರಲ್ ಮೆಡೋಸ್ ಎದುರಿಗೆ ಎರಡು ದಿನದಲ್ಲಿ 63 ಮೈಲಿ ನಡೆಸಿದನೆಂದೂ ಮೈಸೂರಿನ ಹಳೆಯ ಗೆಜೆಟಿಯರಿನಲ್ಲಿದೆ. ಮೆಡೋಸ್ ಜೊತೆಗಿನ 1790ರ ಯುದ್ಧ ನಡೆದದ್ದು ಗಜಲಹಟ್ಟಿ ಕಣಿವೆ ಇಳಿದರೆ ಸಿಗುವ ಈ ಕೊಯಮತ್ತೂರು ಸೀಮೆಯಲ್ಲೇ. ಅಮೃತ ಮಹಲ್ ತಳಿಯೇ ಬೇರೆ, ಕಾಂಗೇಯಂ ಬೇರೆ. ಆದರೆ ಅದಕ್ಕೆ ಕಾವಲು ಎಂಬ ಹುಲ್ಲುಗಾವಲು ಹೇಗೋ ಇದಕ್ಕೆ ಕೊರಂಗಾಡು ಹಾಗೆ. ತಿರುಪ್ಪೂರು ದಾಟಿ ಕಾಂಗೇಯಂ ಕಡೆ ಹೋದರೆ ಕಿಳುವೆ ಗಿಡದ ಮುಳ್ಳುಬೇಲಿ ಹಾಕಿದ ಹುಲ್ಲುಗಾವಲುಗಳು ಕಾಣುತ್ತವೆ, ಒಳಗೆ ಕೊಳುಕಟ್ಟೆ ಹುಲ್ಲು, ಅಲ್ಲಲ್ಲಿ ಬಿಳಿಜಾಲಿ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ನೆಲದಲ್ಲಿ, ಬೇಸಿಗೆಗೆ ಉದುರುವ ಜಾಲಿಕಾಯಿ ತಿಂದು ದನ ಬದುಕುತ್ತದೆ. ಪಳಯಕೋಟ್ಟೈ ಪಟ್ಟಗಾರ ನಲ್ಲತಂಬಿ ಸರ್ಕರೈ ಮಂಡ್ರಾಡಿಯಾರ್ ಈ ತಳಿಯನ್ನು ಆರಿಸಿ ಬೆಳೆಸಿದ್ದು ಇಂಥ ಹುಲ್ಲಿನ ಮೇಲೆ. ಚಿತ್ತಿರೈ ತಿಂಗಳ ಕಣ್ಣಪುರಂ ಜಾತ್ರೆಗೆ ಈಗಲೂ ಅವು ಬರುತ್ತವೆ.

2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟಿನ ಜೊತೆ ಎತ್ತಿನ ಬಂಡಿ ಓಟವನ್ನೂ ನಿಲ್ಲಿಸಿತು. 2017ರಲ್ಲಿ ತಮಿಳುನಾಡು ಕಾನೂನು ತಿದ್ದಿತು, ಕಂಬಳಕ್ಕಾಗಿ ಕರ್ನಾಟಕವೂ ತಿದ್ದಿತು. 2023ರ ಮೇ 18ರಂದು ಸಂವಿಧಾನ ಪೀಠ ಆ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಎರಡೂ ಕಡೆಯವರು ಹೇಳಿದ್ದನ್ನು ಓದಿದ್ದೇನೆ. ನನ್ನ ಅಭಿಪ್ರಾಯ ನೋಟುಪುಸ್ತಕದಿಂದ ಬಂದದ್ದು: ಬಾಲ ತಿರುಚಿದ, ಮೊಳೆಗೋಲಿನಿಂದ ಚುಚ್ಚಿದ ಎತ್ತಿನ ಬೆನ್ನು ಚುಚ್ಚಿದ ಕಡೆಯಿಂದ ಓರೆಯಾಗುತ್ತದೆ, ಜೋಡಿಯ ಲಯ ಅಲ್ಲಿಗೆ ಮುರಿಯುತ್ತದೆ. ಚುಚ್ಚುವವನಿಗೆ ಎತ್ತೂ ಗೊತ್ತಿಲ್ಲ, ಓಟವೂ ಗೊತ್ತಿಲ್ಲ. ಅಂಥವನನ್ನು ಗೆರೆಯ ಹತ್ತಿರ ಬಿಡಬಾರದು.

ಓಡಿ ಬಂದ ಎತ್ತನ್ನು ಕೂಡಲೇ ನಿಲ್ಲಿಸುವುದಿಲ್ಲ, ಸುತ್ತು ನಡೆಸುತ್ತಾರೆ. ಪಕ್ಕೆ ಎದ್ದು ಬೀಳುತ್ತದೆ, ಹೊಳ್ಳೆಯ ಒಳಗಿನ ನಸುಗೆಂಪು ಕಾಣುತ್ತದೆ, ಕುತ್ತಿಗೆಯ ಬೂದು ಬೆವರಿಗೆ ತೊಯ್ದು ಸೀಸದ ಬಣ್ಣವಾಗುತ್ತದೆ. ಆಮೇಲೆ ನೀರು. ತುಟಿ ಬಿಗಿದು, ಸದ್ದಿಲ್ಲದೆ, ಉದ್ದುದ್ದ ಹೀರುತ್ತವೆ. ನೀರಾದ ಮೇಲೂ ಕಾಯಬೇಕು. ಉಸಿರು ಇಳಿದು, ಬಾಲ ಇಳಿದು, ಕಿವಿ ಇಳಿದು, ಕುತ್ತಿಗೆಯ ಎಡಬದಿಯಲ್ಲಿ ಮತ್ತೆ ಆ ಉಂಡೆ ಏರಿದಾಗ ಆ ಎತ್ತಿನ ಪಾಲಿಗೆ ಓಟ ಮುಗಿಯಿತೆಂದು ಬರೆದುಕೊಳ್ಳುತ್ತೇನೆ. ಅಷ್ಟರಲ್ಲಿ ಬಹುಮಾನದ ಚಿನ್ನದ ನಾಣ್ಯ ಯಾರಿಗೆ ಹೋಯಿತೆಂದು ಮೈಕಿನಲ್ಲಿ ಕೂಗಿ ಎಷ್ಟೋ ಹೊತ್ತಾಗಿರುತ್ತದೆ.

ಪೊಂಗಲ್ ಕಳೆದು ಈ ಕಡೆ ಬಂದರೆ ಗೆರೆಯ ಹತ್ತಿರದ ನೂಕುನುಗ್ಗಲಿಗೆ ಹೋಗಬೇಡಿ. ಬೆಳಕು ಹರಿಯುವಾಗಲೇ ಬಂದು ಎತ್ತು ಕಟ್ಟಿದ ಮರದಡಿಗೆ ಹೋಗಿ, ಒಡೆಯನನ್ನು ಕೇಳಿ, ಪಕ್ಕದಲ್ಲಿ ನಿಲ್ಲಿ. ದನದ ಕಣ್ಣಿಗೆ ಸುತ್ತಲೂ ಕಾಣುತ್ತದೆ, ನೇರ ಬೆನ್ನ ಹಿಂದೆ ಮಾತ್ರ ಕಾಣುವುದಿಲ್ಲ. ಅಲ್ಲಿ ನಿಲ್ಲಬೇಡಿ, ಕೊಡೆ ಬಿಚ್ಚಬೇಡಿ.