ಬಣ್ಣ ಕಳಚಿದ ಪುಟ್ಟೇನಹಳ್ಳಿ ಕೆರೆ

ಬೆಳಿಗ್ಗೆ ಆರೂವರೆ. ಜೆ.ಪಿ. ನಗರ ಏಳನೇ ಹಂತದ ಅಪಾರ್ಟ್‌ಮೆಂಟುಗಳ ನೆರಳಿನಿಂದ ಪುಟ್ಟೇನಹಳ್ಳಿ ಕೆರೆ ಇನ್ನೂ ಹೊರಬಂದಿಲ್ಲ. ವಾಕಿಂಗ್‌ಗೆ ಬಂದವರು ಸ್ವೆಟರ್ ತೆಗೆದಿಲ್ಲ. ಉದ್ದ ಲೆನ್ಸಿನ ಇಬ್ಬರು ಹುಡುಗರು ಹೆಜ್ಜಾರ್ಲೆ ಬರುವುದನ್ನು ಕಾಯುತ್ತ ನಿಂತಿದ್ದಾರೆ. ನಾನು ಬಂದಿರುವುದು ದಡದ ಜೊಂಡಿನಲ್ಲಿರುವ ಹುಳುಗಳಿಗಾಗಿ. ಅವುಗಳನ್ನು ಕಪ್ಪು-ಬಿಳುಪಿನಲ್ಲಿ ತೆಗೆಯಬೇಕು.

ಮೊದಲಿಗೆ ಸಿಕ್ಕಿದ್ದು ಕೆಂಪು ಏರೋಪ್ಲೇನ್ ಚಿಟ್ಟೆ (ಡ್ರ್ಯಾಗನ್‌ಫ್ಲೈ). ರಾತ್ರಿಯ ಚಳಿಗೆ ಮೈ ಮರಗಟ್ಟಿ, ಜೊಂಡಿನ ಎಲೆ ಕಚ್ಚಿ ಕೂತಿದೆ. ಬಿಸಿಲು ತಾಗಿ ರೆಕ್ಕೆಯ ಸ್ನಾಯುಗಳು ಬೆಚ್ಚಗಾಗುವವರೆಗೆ ಅದು ಹಾರಲಾರದು. ಹಾಗಾಗಿ ಹತ್ತಿರ ಹೋಗಲು ಇದೇ ಹೊತ್ತು.

"ಅಷ್ಟು ಚೆಂದದ ಕೆಂಪು. ಅದನ್ನ ಕಪ್ಪು-ಬಿಳುಪು ಮಾಡ್ತೀರಲ್ಲಪ್ಪ!" ಪಕ್ಕದಲ್ಲಿ ನಿಂತ ಹಿರಿಯರೊಬ್ಬರು ಅಂದರು.

ಕ್ಯಾಮೆರಾದ ಪರದೆಯನ್ನು ಅವರಿಗೆ ತೋರಿಸಿದೆ. ಕೆಂಪು ಮೈ, ಹಸಿರು ಎಲೆ ಎರಡೂ ಹೆಚ್ಚುಕಡಿಮೆ ಒಂದೇ ಬೂದು. ಚಿಟ್ಟೆ ಎಲ್ಲಿದೆ ಎಂದು ಹುಡುಕಬೇಕು. ಆಮೇಲೆ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು, ಮಂಡಿಯೂರಿ, ಚಿಟ್ಟೆಯ ಹಿಂದೆ ಎಲೆಯ ಬದಲು ಬೆಳಗುತ್ತಿದ್ದ ನೀರು ಬರುವಂತೆ ಮಾಡಿ ಇನ್ನೊಂದು ತೆಗೆದೆ. ಈಗ ರೆಕ್ಕೆಯ ಒಂದೊಂದು ನರವೂ ಇದ್ದಿಲಿನ ಗೆರೆಯಂತೆ ಎದ್ದು ನಿಂತಿತು. ತುದಿಯ ಬಳಿ ಚಿಕ್ಕ ಕಪ್ಪು ಚುಕ್ಕೆ. ಹಾರುವಾಗ ರೆಕ್ಕೆ ಅದುರದಂತೆ ಹಿಡಿಯುವ ತೂಕದ ಬೊಟ್ಟು ಅದು. "ಇದು ಕಂಡೇ ಇರ್ಲಿಲ್ಲ" ಎಂದರು ಅವರು. ಕೆಂಪು ಇದ್ದಾಗ ನನಗೂ ಕಂಡಿರಲಿಲ್ಲ.

ಬಣ್ಣ ಬಿಟ್ಟು ನೋಡುವ ಈ ಕಣ್ಣು ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ (1932–2017), ಸಂಡೂರಿನ ಎಂ.ವೈ. ಘೋರ್ಪಡೆ ಕಾಡಿನ ಜೀವಗಳನ್ನು ಕಪ್ಪು-ಬಿಳುಪಿನಲ್ಲಿ ತೆಗೆದು ಹೆಸರಾದವರು. ಅವರು ಕಾಡು ಹುಡುಕಿ ಹೋಗಿ ಕಲಿತ ಬೆಳಕಿನ ಪಾಠವನ್ನು ನಾವು ಕೆರೆಯ ದಡದಲ್ಲೇ ಕಲಿಯಬಹುದು ಎಂಬುದು ನನ್ನ ನಂಬಿಕೆ.

ಇನ್ನೂ ಸ್ವಲ್ಪ ಮುಂದೆ, ನೀರು ಗೇಣುದ್ದವೂ ಇಲ್ಲದ ಕಡೆ, ನೀರಿನ ಮೇಲೆ ಓಡಾಡುವ ಉದ್ದ ಕಾಲಿನ ಹುಳುಗಳ ಗುಂಪು. ನಡುವಿನ ಜೋಡಿ ಕಾಲಿನಿಂದ ಹುಟ್ಟು ಹಾಕುತ್ತವೆ, ಹಿಂದಿನ ಜೋಡಿಯಿಂದ ದಿಕ್ಕು ಹಿಡಿಯುತ್ತವೆ, ಮುಂದಿನ ಗಿಡ್ಡ ಜೋಡಿಯಲ್ಲಿ ಬೇಟೆ ಹಿಡಿಯುತ್ತವೆ. ಕಾಲಿನ ನವಿರು ಕೂದಲು ಒದ್ದೆಯಾಗದ ಕಾರಣ ನೀರಿನ ಮೈ ಹರಿಯುವುದಿಲ್ಲ, ಕುಳಿ ಬೀಳುತ್ತದೆ ಅಷ್ಟೆ. ನಾನು ಕಾದದ್ದು ಹುಳುವಿಗಲ್ಲ, ಅದರ ನೆರಳಿಗೆ. ಬಿಸಿಲು ಬಿದ್ದ ಕೂಡಲೇ ಕೆಸರಿನ ತಳದಲ್ಲಿ ದುಂಡನೆಯ ಕರಿಬೊಟ್ಟುಗಳು ಮೂಡಿದವು. ಕಾಲು ಕೂದಲೆಳೆಯಷ್ಟು, ನೆರಳು ಕಾಳುಮೆಣಸಿನಷ್ಟು. ಕಾಲಿನ ಸುತ್ತಲ ಕುಳಿ ಬೆಳಕನ್ನು ಹೊರಕ್ಕೆ ಬಾಗಿಸುವುದರಿಂದ ನಡುವೆ ಕತ್ತಲು, ಅಂಚಿಗೆ ಬೆಳ್ಳಿಯ ಬಳೆ. ಇದಕ್ಕೆ ಬಣ್ಣ ಬೇಕಾಗಿಯೇ ಇಲ್ಲ. ಅರ್ಧ ಗಂಟೆ ಅಲ್ಲೇ ಕೂತೆ. ಇವತ್ತಿನ ಒಳ್ಳೆಯ ಚಿತ್ರ ಅಲ್ಲೇ ಸಿಕ್ಕಿತು.

ಎದ್ದು ಹೊರಟಾಗ ಜೊಂಡಿನ ಕಡ್ಡಿಯೊಂದರಲ್ಲಿ ಒಣ ಪೊರೆ ನೇತಾಡುತ್ತಿತ್ತು. ಬೆನ್ನು ಸೀಳಿದೆ, ಒಳಗಿಂದ ಬಿಳಿ ಎಳೆಗಳು ಹೊರಬಂದಿವೆ. ಏರೋಪ್ಲೇನ್ ಚಿಟ್ಟೆ ಕಳಚಿಟ್ಟುಹೋದ ಮೈ ಇದು. ಹಾರುವ ಮೊದಲು ಅದು ನೀರೊಳಗೆ ಬದುಕಿದ ಹುಳು. ಮಡಚಿಟ್ಟ ಕೆಳದವಡೆಯನ್ನು ಕೈಯಂತೆ ಚಾಚಿ ಸೊಳ್ಳೆಯ ಮರಿಗಳನ್ನು ಹಿಡಿದು ತಿಂದು ಬೆಳೆಯುತ್ತದೆ. ಆಮೇಲೆ ಕಡ್ಡಿಯೊಂದನ್ನು ಹತ್ತಿ ಪೊರೆ ಬಿಡುತ್ತದೆ. ಹತ್ತಲು ಕಡ್ಡಿ ಇರಬೇಕು, ಅಷ್ಟು ದಿನ ಕೆರೆಯಲ್ಲಿ ನೀರಿರಬೇಕು.

ಆ ನೀರು ತಾನಾಗಿ ಉಳಿದದ್ದಲ್ಲ. ಸುಮಾರು 13 ಎಕರೆಯ ಈ ಕೆರೆ ಒಣಗಿ ಕಸದ ಜಾಗವಾಗುತ್ತಿದ್ದಾಗ ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿದರು. 2011ರಲ್ಲಿ ಆಗಿನ ಬಿಬಿಎಂಪಿ ಜೊತೆ ಒಪ್ಪಂದವಾಗಿ ಕೆರೆಯ ಪಾಲನೆ ಅವರ ಕೈಗೆ ಬಂತು. ಮಳೆ ಸಾಲದ ತಿಂಗಳುಗಳಲ್ಲಿ ಪಕ್ಕದ ವಸತಿ ಸಮುಚ್ಚಯದ ಶುದ್ಧೀಕರಿಸಿದ ನೀರು ಕೆರೆ ಸೇರುವ ಏರ್ಪಾಡೂ ಆಯಿತು. ಈ ಪೊರೆಯ ಹಿಂದೆ ಅಷ್ಟು ಜನರ ದುಡಿಮೆ ಇದೆ.

ಎಲ್ಲ ನೀರಿಗೂ ಎಲ್ಲ ಹುಳು ಬರುವುದಿಲ್ಲ. ಕಿತ್ತಳೆ ರೆಕ್ಕೆಯ ಒಂದು ಜಾತಿಯ ಏರೋಪ್ಲೇನ್ ಚಿಟ್ಟೆ ಚರಂಡಿ ನೀರನ್ನೂ ತಾಳಿಕೊಳ್ಳುತ್ತದೆ. ಒಂದು ಕೆರೆಯಲ್ಲಿ ಅದೊಂದೇ ತುಂಬಿದ್ದರೆ ನೀರಿಗೆ ಏನಾಗಿದೆ ಎಂದು ಕೇಳಿಕೊಳ್ಳಬೇಕು. ಹುಳುವಿನ ಗುರುತು ಹಿಡಿಯಲು ಕೆ.ಎ. ಸುಬ್ರಮಣಿಯನ್ 2005ರಲ್ಲಿ ಹೊರತಂದ ಪರ್ಯಾಯ ದ್ವೀಪ ಭಾರತದ ಏರೋಪ್ಲೇನ್ ಚಿಟ್ಟೆಗಳ ಕೈಪಿಡಿ ನನ್ನ ಚೀಲದಲ್ಲಿರುತ್ತದೆ. ಆದರೆ ಕಪ್ಪು-ಬಿಳುಪಿನಲ್ಲಿ ತೆಗೆದರೆ ಗುರುತಿಗೆ ಬೇಕಾದ ಬಣ್ಣವೇ ಹೋಗುತ್ತದೆ. ಅದಕ್ಕೇ ಮೂಲ ಚಿತ್ರವನ್ನು ರಾ ಫೈಲ್ ಆಗಿ ಬಣ್ಣದಲ್ಲೇ ಇಟ್ಟುಕೊಳ್ಳಿ. ಕಪ್ಪು-ಬಿಳುಪನ್ನು ಪರದೆಗೆ ಮಾತ್ರ ಹಾಕಿ.

ಎಂಟು ದಾಟಿತು. ಮಂಜು ಆರಿದ ಚಿಟ್ಟೆಗಳು ಒಂದೊಂದಾಗಿ ಹಾರುತ್ತಿವೆ. ಮೊಬೈಲ್ ಫೋನಿನಲ್ಲೂ ಇದನ್ನೆಲ್ಲ ಮಾಡಬಹುದು, ಬೇಲಿ ದಾಟದೆ. ಹುಳುವನ್ನು ಹಿಡಿದು ಎಲೆಯ ಮೇಲೆ ಕೂರಿಸಬೇಡಿ, ಹಾರದಿರಲಿ ಎಂದು ಫ್ರಿಜ್ಜಿನಲ್ಲಿಟ್ಟು ತಣಿಸಬೇಡಿ. ಇನ್ನೊಂದು ಮಾತು: ನಿಮ್ಮ ಬಡಾವಣೆಯ ಕೆರೆಯ ದಡದಲ್ಲಿ ಜೊಂಡು ಬೆಳೆದು ನೋಡಲು ಚೆನ್ನಾಗಿಲ್ಲ, ಪೂರ್ತಿ ಕೊಯ್ಯಿಸಿ ಎಂದು ಯಾರಾದರೂ ಅರ್ಜಿ ಬರೆದರೆ ದಯವಿಟ್ಟು ಸಹಿ ಹಾಕಬೇಡಿ. ಒಂದು ಪಟ್ಟಿಯಷ್ಟನ್ನಾದರೂ ಉಳಿಸಿ.