ಗಾಡಿಯನ್ನೇರಿದ ಮನೆಗಳು

ಚಕ್ರಗಳ ಮೇಲೆ ಪುಟ್ಟ ಮನೆಯೊಂದನ್ನು ಕಟ್ಟಿ, ಅದನ್ನು ದೊಡ್ಡ ವಾಹನದ ಹಿಂದೆ ಬಿಗಿದು, ನೂರಾರು ಮೈಲಿ ಎಳೆದೊಯ್ದು ಬೇರೊಂದು ಊರಿನಲ್ಲಿ ಬಿಡಾರ ಹೂಡುವ ಪದ್ಧತಿಯು ಅಮೆರಿಕದಲ್ಲಿ ಈಚೆಗೆ ಬೆಳೆದುಬಂದಿದೆ. ಅದರ ದೃಶ್ಯಗಳನ್ನು ನಮ್ಮ ಶಿಕಾರಿಪುರ, ಸೊರಬಗಳ ತರುಣರೂ ಮೊಬೈಲಿನಲ್ಲಿ ನೋಡಿ ಬೆರಗಾಗುತ್ತಾರೆ. ಬೆರಗು ಸಹಜವೇ. ಆದರೆ ಅರವತ್ತು ವರ್ಷಗಳ ಹಿಂದೆ ಇದೇ ಸೀಮೆಗೆ ಮನೆಗಳು ಲಾರಿಯನ್ನೂ ಗಾಡಿಯನ್ನೂ ಏರಿ ಬಂದಿದ್ದವೆಂಬುದನ್ನು ಆ ತರುಣರಿಗೆ ಹೇಳುವ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಆದ್ದರಿಂದ ಈ ಬರಹ.

ಎಳೆಯುವ ವಿದ್ಯೆಯನ್ನು ಮೊದಲು ನೋಡೋಣ. ಅಮೆರಿಕದ ಈ ಮನೆಗಳ ಅಗಲ ಸಾಮಾನ್ಯವಾಗಿ 8.5 ಅಡಿ, ಎತ್ತರ 13.5 ಅಡಿ ಮೀರುವುದಿಲ್ಲ. ಮೀರಿದರೆ ರಸ್ತೆಗಿಳಿಸಲು ವಿಶೇಷ ಅನುಮತಿ ಬೇಕು. ನಮ್ಮ ದೇಶದ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಾಹನದ ಅಗಲಕ್ಕೆ ಇಟ್ಟಿರುವ 2.6 ಮೀಟರಿನ ಮಿತಿಯೂ ಹೆಚ್ಚುಕಡಿಮೆ ಅಷ್ಟೇ. ಮನೆಯ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಮುಂದಿನ ಕೊಂಡಿಯ ಮೇಲೆ ಕೂರಬೇಕೆಂದು ಅಲ್ಲಿಯವರು ಹೇಳುತ್ತಾರೆ. ಅದಕ್ಕಿಂತ ಕಡಿಮೆಯಾದರೆ ಹಿಂದಿನ ಮನೆ ಅತ್ತಿತ್ತ ಹೊಯ್ದಾಡಿ, ಎಳೆಯುವ ವಾಹನವನ್ನೇ ಉರುಳಿಸೀತು. ಇದನ್ನು ಓದಿದಾಗ ನಮಗೆ ನಮ್ಮ ಗಾಡಿ ಹೊಡೆಯುವವರು ನೆನಪಾದರು. ಹೇರು ಹಿಂಭಾರವಾದರೆ ಮೂಕಿ ಮೇಲೆದ್ದು ಜತ್ತಿಗೆಯು ಎತ್ತಿನ ಕೊರಳನ್ನು ಬಿಗಿಯುತ್ತದೆ. ಮುಂಭಾರವಾದರೆ ನೊಗವು ಹೆಗಲನ್ನು ಅರೆಯುತ್ತದೆ. ನುರಿತವನು ಮೂಕಿಯನ್ನು ಒಮ್ಮೆ ಕೈಯಲ್ಲಿ ಎತ್ತಿ ನೋಡಿಯೇ ಇನ್ನೆರಡು ಚೀಲ ಮುಂದಕ್ಕೆ ಬರಲೆಂದು ಹೇಳುತ್ತಿದ್ದ. ಇಂದು ಮೆಕ್ಕೆಜೋಳ ಹೇರಿಕೊಂಡು ಹೋಗುವ ಟ್ರ್ಯಾಕ್ಟರಿನವರಿಗೂ ಈ ಲೆಕ್ಕ ಹೊಸತಲ್ಲ.

ಇನ್ನು ನಮ್ಮ ನಾಡಿನ ವಿಚಾರ. ಶರಾವತಿಗೆ ಮಡೇನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟೆಯನ್ನು ಕಟ್ಟಿ, 1948ರಲ್ಲಿ ಜೋಗದ ವಿದ್ಯುದಾಗಾರವನ್ನು ಆರಂಭಿಸಲಾಯಿತು. ಅದು ಸಾಲದೆ, ನದಿಯ ಕೆಳಭಾಗದಲ್ಲಿ ಲಿಂಗನಮಕ್ಕಿಯ ದೊಡ್ಡ ಅಣೆಕಟ್ಟೆ 1964ರಲ್ಲಿ ಪೂರ್ಣಗೊಂಡಿತು. ಸಮುದ್ರಮಟ್ಟದಿಂದ 1819 ಅಡಿಯವರೆಗೆ ನೀರು ನಿಲ್ಲುವ ಆ ಜಲಾಶಯದಲ್ಲಿ ಸಾಗರ, ಹೊಸನಗರ ತಾಲ್ಲೂಕುಗಳ ಊರುಗಳು ಗದ್ದೆ, ತೋಟ, ದೇಗುಲಗಳ ಸಮೇತ ಮುಳುಗಿದವು. ಹಳೆಯ ಹಿರೇಭಾಸ್ಕರ ಕಟ್ಟೆಯೂ ಮುಳುಗಿತು. ಕಡುಬೇಸಿಗೆಯಲ್ಲಿ ನೀರಿಳಿದರೆ ಅದು ಈಗಲೂ ತಲೆಯೆತ್ತುತ್ತದೆ. ನೆಲೆ ಕಳೆದುಕೊಂಡವರು ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿಗಳ ಕಡೆಗೂ ನಮ್ಮ ಶಿಕಾರಿಪುರ, ಸೊರಬ ತಾಲ್ಲೂಕುಗಳಿಗೂ ಚದುರಿ ಹೋದರು.

ಅವರು ಬರಿಗೈಯಲ್ಲಿ ಹೊರಡಲಿಲ್ಲ. ಮಲೆನಾಡಿನ ಮನೆಯ ಜೀವವಿರುವುದು ಮರದಲ್ಲಿ. ಹೊನ್ನೆ, ಮತ್ತಿ, ನಂದಿ ಮರಗಳ ಕಂಬ ತೊಲೆಗಳನ್ನು ಒಂದರ ತೂತಿನಲ್ಲಿ ಇನ್ನೊಂದರ ತುದಿಯನ್ನು ಕೂರಿಸಿ, ಮರದ ಗೂಟ ಬಡಿದು ನಿಲ್ಲಿಸಿದ ಮನೆಯನ್ನು ಅದೇ ಕ್ರಮದಲ್ಲಿ ಹಿಂದುಮುಂದಾಗಿ ಬಿಚ್ಚಬಹುದು. ಮೊದಲು ಹೆಂಚು, ಆಮೇಲೆ ರೀಪು, ಪಕಾಸಿ, ಜಂತಿ, ಕೊನೆಗೆ ತೊಲೆ ಮತ್ತು ಕಂಬ. ಮಂಗಳೂರು ಹೆಂಚಾದರೆ ನೂರು ಚದರಡಿ ಮಾಡಿಗೆ ಸುಮಾರು 150 ಬೇಕು. ಸಾವಿರ ಚದರಡಿಯ ಮನೆಯೆಂದರೆ 1500 ಹೆಂಚು, ಒಂದೊಂದನ್ನೂ ಕೈಯಿಂದ ಕೈಗೆ ದಾಟಿಸಿ ಇಳಿಸಬೇಕು. ಒರಳುಕಲ್ಲನ್ನು ನೆಲದಿಂದ ಅಗೆದು ತೆಗೆಯಬೇಕು. ಬಾಗಿಲುವಾಡವನ್ನು ಕೀಳುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಅಜ್ಜಿ, ತಾಯಿ, ಸೊಸೆ ಮೂರು ತಲೆಮಾರು ಪೂಜಿಸಿದ ಹೊಸ್ತಿಲು ಅದರಲ್ಲಿದೆ. ಇಷ್ಟೆಲ್ಲ ಹೇರಿದ ಮೇಲೆ ಉಳಿದದ್ದು ಮಣ್ಣಿನ ಗೋಡೆ. ಅದು ನೀರು ಬಂದು ತಾಗಿದೊಡನೆ ಕರಗತಕ್ಕದ್ದು. ಸ್ಥಾವರವೆಂದು ನಾವು ತಿಳಿದಿದ್ದ ಮನೆಯೇ ಹೀಗೆ ಜಂಗಮವಾಗಿ ಹೊರಟಿತು.

ಒಲೆ ಬರಲಿಲ್ಲ, ಬಾವಿ ಬರಲಿಲ್ಲ. ಅಡಿಕೆ ತೋಟವಂತೂ ಬರುವ ಹಾಗೇ ಇರಲಿಲ್ಲ. ಹೊಸ ಸಸಿ ನೆಟ್ಟರೆ ಮೊದಲ ಗೊನೆ ಕಾಣಲು ಐದಾರು ವರ್ಷ ಬೇಕು, ಅಷ್ಟು ವರ್ಷ ಮನೆಮಂದಿಯ ಅನ್ನಕ್ಕೆ ದಾರಿ ಯಾವುದು? ಈ ಸಂಕಟವನ್ನು ಕಣ್ಣಾರೆ ಕಂಡು ಬರೆದವರು ಸಾಗರದ ನಾ. ಡಿಸೋಜ. ಅವರ ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳನ್ನು ನಮ್ಮ ಮನೆಗಳಲ್ಲಿ ಮಕ್ಕಳ ಕೈಗೆ ಕೊಡಬೇಕು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು 2002ರಲ್ಲಿ ಚಲಚ್ಚಿತ್ರವಾಗಿಯೂ ಮಾಡಿದ್ದಾರೆ.

ಮನೆಯೇನೋ ಬಂದಿತು, ನಿಲ್ಲಿಸಲು ನೆಲ? ಅಮೆರಿಕದ ಚಕ್ರದ ಮನೆಯವರನ್ನು ಕಾಡುವ ಪ್ರಶ್ನೆಯೂ ಇದೇ. ಅಲ್ಲಿ 2018ರ ಕಟ್ಟಡ ಸಂಹಿತೆಯ ಮಾದರಿಯು 400 ಚದರಡಿಯೊಳಗಿನ ಪುಟ್ಟ ಮನೆಗಳಿಗೆ ಪ್ರತ್ಯೇಕ ನಿಯಮ ಕೊಟ್ಟಿತಾದರೂ, ಚಕ್ರ ಕಳಚದ ಮನೆಯನ್ನು ಅನೇಕ ಊರುಗಳ ಕಾನೂನು ವಾಹನವೆಂದೇ ಎಣಿಸುತ್ತದೆ. ವಾಹನದಲ್ಲಿ ಬಹುಕಾಲ ವಾಸಿಸಲು ಎಲ್ಲೆಡೆ ಒಪ್ಪಿಗೆಯಿಲ್ಲ. ನಮ್ಮಲ್ಲಿ ಸಂತ್ರಸ್ತರಿಗೆ ತೋರಿಸಿದ ಭೂಮಿ ಬಹುಪಾಲು ಅರಣ್ಯದ್ದು. ಅವರು ಕಾಡು ಸವರಿ ಗದ್ದೆ ಮಾಡಿದರು, ತಂದ ಕಂಬಗಳನ್ನು ನಿಲ್ಲಿಸಿದರು. ದಾಖಲೆಯಲ್ಲಿ ಮಾತ್ರ ಆ ನೆಲ ಅರಣ್ಯವಾಗಿಯೇ ಉಳಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅಂಥ ಭೂಮಿಯನ್ನು ಬಿಡಿಸಲು ಕೇಂದ್ರದ ಒಪ್ಪಿಗೆ ಅನಿವಾರ್ಯವಾಯಿತು. ಆ ಒಪ್ಪಿಗೆಯಿಲ್ಲದೆ ರಾಜ್ಯವು ಹೊರಡಿಸಿದ್ದ ಆದೇಶಗಳು 2021ರಲ್ಲಿ ರದ್ದಾದವು. ತೊಲೆಗಳ ನಡುವೆ ಕುಳಿತು ಲಾರಿಯಲ್ಲಿ ಬಂದ ಮಕ್ಕಳು ಆ ಹೊತ್ತಿಗೆ ಅಜ್ಜ ಅಜ್ಜಿಯರಾಗಿದ್ದರು. ನಾಡಿಗೆ ಬೆಳಕು ಕೊಟ್ಟವರ ಹಕ್ಕುಪತ್ರವನ್ನು ಇಷ್ಟು ಕಾಲ ಬಾಕಿಯಿಟ್ಟದ್ದು ನ್ಯಾಯವೆಂದು ನಮಗೆ ಅನ್ನಿಸುವುದಿಲ್ಲ.

ಮಾನ್ಯ ವಾಚಕರಲ್ಲಿ ಒಂದು ವಿನಂತಿ. ಮಲೆನಾಡಿನ ಹಳೆಯ ಮನೆಗಳ ಕಂಬ ತೊಲೆಗಳಿಗೆ ಈಗ ಪೇಟೆಗಳಲ್ಲಿ ಒಳ್ಳೆಯ ಬೆಲೆಯಿದೆ. ಹಂಚಿಕೆಯಾದ ಕುಟುಂಬಗಳು ಮನೆ ಬಿಚ್ಚಿ ಮಾರುವುದೂ ಉಂಟು. ಹಳೆಯ ಮರಮುಟ್ಟೇ ಆದರೂ ಸಾಗಿಸುವ ಮೊದಲು ಅರಣ್ಯ ಇಲಾಖೆಯ ರಹದಾರಿಯ ವಿಷಯವನ್ನು ವಿಚಾರಿಸಿಕೊಳ್ಳಬೇಕು. ಕಂಬ ಯಾವ ಊರಿನಿಂದ, ಯಾವ ವರ್ಷ ಬಂದದ್ದೆಂದು ಮನೆಯ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಬಾಗಿಲುವಾಡವೊಂದನ್ನಾದರೂ ಮಾರದೆ, ಹೊಸ ಮನೆಯ ಗೋಡೆಗೆ ಅಳತೆ ಕೊಡುವಾಗ ಗಾರೆಯವರಿಗೆ ತೋರಿಸಿರಿ.