ಹಿಟ್ಟಿನ ಹುಂಜದ ಕೂಗು

ಕೊಲೆಯ ಸುದ್ದಿ ಓದಿದಾಗ 'ಎಂಥ ಮೃಗೀಯ ಕೃತ್ಯ' ಎನ್ನುತ್ತೇವೆ. ಮನುಷ್ಯನೊಳಗೆ ಅಡಗಿರುವ ಮೃಗವೇ ಅವನಿಂದ ಹಿಂಸೆ ಮಾಡಿಸುತ್ತದೆಂಬುದು ಬಹುಜನರ ನಂಬಿಕೆ. ಜೈನ ಪುರಾಣಗಳು ಇದನ್ನು ಒಪ್ಪುವುದಿಲ್ಲ. ಭಗವಾನ್ ಮಹಾವೀರರ ಜೀವವು ಹಿಂದಿನ ಒಂದು ಭವದಲ್ಲಿ ಸಿಂಹವಾಗಿತ್ತು. ಜಿಂಕೆಯನ್ನು ಕೊಂದು ತಿನ್ನುತ್ತಿದ್ದ ಅದಕ್ಕೆ ಇಬ್ಬರು ಚಾರಣ ಮುನಿಗಳು ಧರ್ಮವನ್ನು ಬೋಧಿಸಿದರು. ಸಿಂಹವು ಹಿಂಸೆಯನ್ನು ತೊರೆದು, ಆಹಾರವನ್ನೂ ತ್ಯಜಿಸಿ ಶಾಂತವಾಗಿ ದೇಹ ಬಿಟ್ಟಿತು. ಮೃಗವೇ ಹಿಂಸೆಯನ್ನು ಬಿಡಬಲ್ಲದಾದರೆ, ಮೃಗತ್ವದ ನೆವ ಹೇಳುವ ಮನುಷ್ಯನ ಮಾತಿಗೆ ಬೆಲೆಯೆಲ್ಲಿ?

ಹಾಗಾದರೆ ಹಿಂಸೆಯ ಪ್ರಚೋದನೆ ಬರುವುದೆಲ್ಲಿಂದ? ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಿಂದ. ಇವು ಆತ್ಮದ ಸ್ವಭಾವವಲ್ಲ. ಮೋಹನೀಯ ಕರ್ಮದ ಉದಯದಿಂದ ತಲೆದೋರುವ ವಿಕಾರಗಳು. ಆದ್ದರಿಂದಲೇ ತತ್ತ್ವಾರ್ಥಸೂತ್ರವು ಹಿಂಸೆಯನ್ನು ವಿವರಿಸುವಾಗ ಪ್ರಾಣಹರಣಕ್ಕಿಂತ ಮೊದಲು ಪ್ರಮಾದವನ್ನು ಹೆಸರಿಸುತ್ತದೆ. ಕೈ ಎತ್ತುವ ಮೊದಲೇ ಭಾವಹಿಂಸೆ ನಡೆದಿರುತ್ತದೆ. ಅದರ ಮೊದಲ ಗಾಯ ತನ್ನ ಆತ್ಮಕ್ಕೇ.

ಕ್ರಿ.ಶ. 1209ರಲ್ಲಿ ಜನ್ನನು ರಚಿಸಿದ 'ಯಶೋಧರ ಚರಿತೆ' ಈ ಸತ್ಯವನ್ನು ಕಥೆಯಾಗಿಸಿದೆ. ಪತ್ನಿ ಅಮೃತಮತಿಯ ವಂಚನೆಯನ್ನು ಕಂಡ ಯಶೋಧರನು ಕತ್ತಿಯನ್ನು ಎತ್ತಿಯೂ ತಡೆದುಕೊಳ್ಳುತ್ತಾನೆ. ಕಂಡದ್ದನ್ನು ಮರೆಮಾಚಲು ತಾಯಿಗೆ ಕೆಟ್ಟ ಕನಸಿನ ನೆಪ ಹೇಳುತ್ತಾನೆ. ತಾಯಿ ಚಂದ್ರಮತಿ ಶಾಂತಿಗಾಗಿ ಪ್ರಾಣಿಬಲಿ ಕೊಡಬೇಕೆನ್ನುತ್ತಾಳೆ. ಅವನು ಒಪ್ಪದಿದ್ದಾಗ, ಹಿಟ್ಟಿನ ಹುಂಜವನ್ನಾದರೂ ಬಲಿಕೊಡೆಂದು ಒತ್ತಾಯಿಸುತ್ತಾಳೆ. ಹಿಟ್ಟಿಗೆ ಜೀವವೆಲ್ಲಿ ಎಂದು ನಾವು ಕೇಳಬಹುದು. ಆದರೆ ಕತ್ತಿ ಬಿದ್ದಾಗ ಹುಂಜ ಕೂಗುತ್ತದೆ. ಕೊಲ್ಲುವ ಸಂಕಲ್ಪ ನಿಜವಾಗಿತ್ತು, ಫಲವೂ ನಿಜವಾಯಿತು. ಮಗನು ನವಿಲಾಗಿ, ತಾಯಿ ನಾಯಾಗಿ ಹುಟ್ಟಿ, ಭವಭವಗಳಲ್ಲಿ ನೋವುಂಡರು.

ಈ ಕಥೆ ಹೆಚ್ಚು ಚುಚ್ಚಬೇಕಾದುದು ನಮ್ಮನ್ನೇ. ನೀರನ್ನು ಸೋಸಿ ಕುಡಿದು, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ನಾವು ಅಹಿಂಸಕರೆಂದು ನಂಬಿರುತ್ತೇವೆ. ಆದರೆ ಹಿಂಸೆಯ ದಾರಿಗಳು 108 ಎಂದು ಶಾಸ್ತ್ರ ಎಣಿಸುತ್ತದೆ: ಸಂಕಲ್ಪ, ಸಿದ್ಧತೆ, ಆರಂಭ ಎಂಬ ಮೂರು ಹಂತ, ಮನ, ವಚನ, ಕಾಯಗಳೆಂಬ ಮೂರು ಸಾಧನ, ಮಾಡುವುದು, ಮಾಡಿಸುವುದು, ಮೆಚ್ಚುವುದೆಂಬ ಮೂರು ವಿಧ, ಇವುಗಳ ಹಿಂದೆ ನಾಲ್ಕು ಕಷಾಯ. ಬೀದಿಯಲ್ಲಿ ಯಾರನ್ನೋ ಥಳಿಸುವ ದೃಶ್ಯವನ್ನು ಮೊಬೈಲಿನಲ್ಲಿ ನೋಡಿ 'ಹಾಗೇ ಆಗಬೇಕು' ಎಂದರೆ, ನಾವೂ ಹಿಟ್ಟಿನ ಹುಂಜವನ್ನು ಕಡಿದಂತೆಯೇ.

ಬಿಡುಗಡೆಯ ದಾರಿಯೂ ಇದೆ. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ 'ಗೊಮ್ಮಟಸಾರ'ವು ಕ್ರೋಧವನ್ನು ಕಲ್ಲಿನ, ನೆಲದ, ಧೂಳಿನ, ನೀರಿನ ಗೆರೆಗಳಿಗೆ ಹೋಲಿಸುತ್ತದೆ. ಅತಿ ಮಂದವಾದ ಕಷಾಯದ ವಾಸನೆ ಒಂದು ಅಂತರ್ಮುಹೂರ್ತದೊಳಗೆ ಅಳಿಯುತ್ತದೆ. ಅದಕ್ಕಿಂತ ತೀವ್ರವಾದುದು ಪಕ್ಷದವರೆಗೆ, ಮತ್ತೂ ತೀವ್ರವಾದುದು ಆರು ತಿಂಗಳವರೆಗೆ ಉಳಿಯುತ್ತದೆ. ಅನಂತಾನುಬಂಧಿ ಕಷಾಯವಂತೂ ಭವಭವಗಳಿಗೂ ಹಿಂಬಾಲಿಸುತ್ತದೆ. ಪ್ರತಿಕ್ರಮಣದ ಮಹತ್ವ ಇಲ್ಲಿಯೇ ಇದೆ. ಗೆರೆ ಕಲ್ಲಿಗೆ ಇಳಿಯುವ ಮೊದಲೇ ಅಳಿಸಿಕೊಳ್ಳುವ ಅವಕಾಶ ಅದು.

ಇಂದು ಮಲಗುವ ಮುನ್ನ ನಮ್ಮೊಳಗೆ ಯಾವ ಗೆರೆ ಉಳಿದಿದೆಯೆಂದು ನೋಡಿಕೊಳ್ಳೋಣ. ಯಾರ ಮೇಲೆ ಮನಸ್ಸು ಕತ್ತಿ ಎತ್ತಿತ್ತೋ, ಅವರನ್ನು ನೆನೆದು ಕ್ಷಮೆ ಬೇಡೋಣ.